ಹೊಸ ಹಿಮ ಮಧ್ಯಾಹ್ನದವರೆಗೆ

ಮಂಜು ಎಂಬ ಒಂದೇ ಮಾತಿನಿಂದ ನಾವು ಕನ್ನಡದವರು ಮೂರು ಕೆಲಸ ಮಾಡಿಸಿಕೊಳ್ಳುತ್ತೇವೆ. ಚಳಿಗಾಲದ ಬೆಳಗ್ಗೆ ಜೋಳದ ಹೊಲದ ಮೇಲೆ ಕವಿಯುವುದೂ ಮಂಜು, ಕಡಲೆ ಗಿಡದ ಎಲೆಯ ಮೇಲೆ ಹನಿಯಾಗಿ ಕೂಡ್ರುವುದೂ ಮಂಜು, ಸಿನಿಮಾದಲ್ಲಿ ನಾಯಕ ನಾಯಕಿ ಹಾಡು ಹೇಳುತ್ತ ಜಾರುವ ಬಿಳಿ ಗುಡ್ಡವೂ ಮಂಜೇ. ನಮ್ಮ ಅಕ್ಕಲಕೋಟೆ, ಜತ್ತ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲ ಉಂಟು. ಪೇಟೆಯಲ್ಲಿ ಮರಾಠಿ ಆಡುವಾಗ ಧುಕೆ ಬೇರೆ, ದವ ಬೇರೆ, ಬರ್ಫ ಬೇರೆ ಎಂದು ನಾವೇ ವಿಂಗಡಿಸಿ ಹೇಳುತ್ತೇವೆ. ಇವತ್ತು ನಾನು ಮಾತಾಡುವುದು ಆ ಮೂರನೆಯದರ ಬಗ್ಗೆ. ಹಿಮ ಎನ್ನೋಣ, ಗೊಂದಲವಿಲ್ಲ.

ನಮ್ಮ ಕಡೆ ಆಕಾಶದಿಂದ ಬೀಳುವ ಗಟ್ಟಿ ಪದಾರ್ಥ ಎಂದರೆ ಆಣೆಕಲ್ಲು ಒಂದೇ. ಗಾರಪಿಟ್ ಎಂದೊಡನೆ ದ್ರಾಕ್ಷಿ ತೋಟದವರ ಎದೆ ಝಲ್ಲೆನ್ನುತ್ತದೆ. ಹಿಮ ಹಾಗಲ್ಲ. ಅದು ಕಲ್ಲಾಗಿ ಬೀಳುವುದಿಲ್ಲ, ಹತ್ತಿಯ ಎಳೆಯಂತೆ ತೇಲುತ್ತ ಬರುತ್ತದೆ. ಮೋಡದೊಳಗಿನ ನೀರಿನ ಆವಿ ಹನಿಯಾಗದೆ ನೇರವಾಗಿ ಆರು ಮೂಲೆಯ ಹರಳಾಗುತ್ತದೆ. ಹರಳಿಗೆ ಕೊಂಬೆ, ಕೊಂಬೆಗೆ ರೆಂಬೆ. ಇಂಥ ಹರಳುಗಳು ಒಂದರ ಮೇಲೊಂದು ಬಿದ್ದಾಗ ಕೊಂಬೆಗೆ ಕೊಂಬೆ ತಾಗಿ ನಡುವೆ ಗಾಳಿ ಉಳಿಯುತ್ತದೆ. ರಾತ್ರಿ ಬಿದ್ದ ಹೊಸ ಹಿಮದಲ್ಲಿ ನೂರಕ್ಕೆ ತೊಂಬತ್ತು ಪಾಲು ಬರೀ ಗಾಳಿ. ಒಂದು ಘನ ಮೀಟರು ನೀರು ಸಾವಿರ ಕಿಲೋ ತೂಗಿದರೆ ಅಷ್ಟೇ ಅಳತೆಯ ಹೊಸ ಹಿಮ ಐವತ್ತರಿಂದ ನೂರು ಕಿಲೋ ತೂಗೀತು. ಐವತ್ತು ಸೆಂಟಿಮೀಟರು ಬಿದ್ದಿದೆ ಎಂದು ಕೇಳಿದರೆ ಗಾಬರಿಯಾಗಬೇಡಿ. ಕರಗಿಸಿ ಅಳೆದರೆ ಹೆಚ್ಚೆಂದರೆ ಎರಡು ಇಂಚು ಮಳೆ, ಒಂದು ಒಳ್ಳೆಯ ಹಸ್ತಾ ಮಳೆ ಸುರಿಸುವಷ್ಟು.

ಈ ಗಾಳಿ ತುಂಬಿದ ಹಿಮದ ಮೇಲೆ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಗುಡ್ಡದ ತುದಿಯಿಂದ ಜಾರಿಕೊಂಡು ಇಳಿಯುವ ಆಟಕ್ಕೆ ಸ್ಕೀಯಿಂಗ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಹೆಸರು ಕಾಶ್ಮೀರದ ಗುಲ್ಮಾರ್ಗ. ಶ್ರೀನಗರದಿಂದ ಸುಮಾರು ಐವತ್ತು ಕಿಲೋಮೀಟರು. ತಂಗಮಾರ್ಗ ಎಂಬ ಊರಿನಿಂದ ಕಾಡಿನ ದಾರಿ ಹತ್ತಿದರೆ ಸಿಗುವ ಬೋಗುಣಿಯಂಥ ಬಯಲು. ಸಮುದ್ರಮಟ್ಟದಿಂದ ಸುಮಾರು 2,650 ಮೀಟರು ಎತ್ತರ. ಹೆಸರಿನ ಅರ್ಥ ಹೂವಿನ ಬಯಲು. ಬೇಸಿಗೆಯಲ್ಲಿ ಹೂ, ಚಳಿಗಾಲದಲ್ಲಿ ಹಿಮ. ಕಟ್ರಾ, ಅಮರನಾಥ ಯಾತ್ರೆಗೆ ಹೋದ ನಮ್ಮೂರ ಬಸ್ಸುಗಳು ಎರಡು ದಿನ ಹೆಚ್ಚಿಗೆ ಮಾಡಿಕೊಂಡು ಅಲ್ಲಿಗೂ ಹೋಗಿ ಬರುವುದುಂಟು. ಸೈನ್ಯದಲ್ಲಿರುವ ನಮ್ಮ ಹುಡುಗರಂತೂ ಆ ಕಡೆಯ ಚಳಿಯನ್ನು ವರ್ಷಗಟ್ಟಲೆ ಉಂಡವರು. ಆದ್ದರಿಂದ ಇದು ನಮಗೆ ಪೂರಾ ಪರಕೀಯ ವಿಷಯವೇನಲ್ಲ.

ಅಲ್ಲಿ ಈ ಆಟ ತಂದವರು ಬ್ರಿಟಿಷ್ ಸೈನ್ಯಾಧಿಕಾರಿಗಳು. 1927ರಲ್ಲಿ ಅವರದೊಂದು ಸ್ಕೀ ಕ್ಲಬ್ಬು ಗುಲ್ಮಾರ್ಗದಲ್ಲಿ ಹುಟ್ಟಿತು. ಅವರದು ಮೋಜು. ಆದರೆ ಸ್ವಾತಂತ್ರ್ಯದ ಮರುವರ್ಷ ಕಾಶ್ಮೀರದ ಯುದ್ಧದಲ್ಲಿ ನಮ್ಮ ಸೈನ್ಯಕ್ಕೆ ಹಿಮದ ಮೇಲೆ ಓಡಾಡುವುದು ಮೋಜಾಗಿರಲಿಲ್ಲ, ಜೀವದ ಪ್ರಶ್ನೆಯಾಗಿತ್ತು. 1948ರ ಡಿಸೆಂಬರಿನಲ್ಲಿ ಅಲ್ಲಿನ ಸೇನಾ ವಿಭಾಗದ ದಂಡನಾಯಕರು ಗುಲ್ಮಾರ್ಗದಲ್ಲಿ ಸೈನಿಕರಿಗಾಗಿ ಒಂದು ಸ್ಕೀ ಶಾಲೆ ತೆರೆದರು. ಆ ದಂಡನಾಯಕರು ಯಾರು ಗೊತ್ತೇ? ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಮುಂದೆ ಭೂಸೇನೆಯ ಮುಖ್ಯಸ್ಥರಾದವರು. ಹಿಮವೇ ಬೀಳದ ನಾಡಿನ ಮನುಷ್ಯ ಇಟ್ಟ ಶಾಲೆ ಇಂದು ಎತ್ತರದ ಪ್ರದೇಶದಲ್ಲಿ ಯುದ್ಧ ಕಲಿಸುವ ದೊಡ್ಡ ಸೇನಾ ಶಾಲೆಯಾಗಿ ನಡೆಯುತ್ತಿದೆ. ಅದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ಹೆಣ್ಣುಮಗಳು ಈಚಿನ ವರ್ಷಗಳಲ್ಲಿ ಅದೇ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಆಟಗಳಲ್ಲಿ ಕರ್ನಾಟಕಕ್ಕೆ ಪದಕ ತಂದಿದ್ದಾಳೆ. ಅವಳದು ಇಳಿಜಾರಿನ ಸ್ಕೀ ಅಲ್ಲ, ಸಪಾಟು ನೆಲದ ಮೇಲೆ ದೂರದೂರ ಓಡುವ ಸ್ಕೀ. ಗುಲ್ಮಾರ್ಗದ ಪಕ್ಕದ ಹಳ್ಳಿಯ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸಿಗೆ ಹೋದಾಗ ಇಡೀ ಭಾರತಕ್ಕೆ ಅವನೊಬ್ಬನೇ ಸ್ಪರ್ಧಿ.

ಇರಲಿ, ಬೆಳಗಾಯಿತು ಎಂದುಕೊಳ್ಳಿ. ನೀವು ಗುಲ್ಮಾರ್ಗದಲ್ಲಿ ಇದ್ದೀರಿ. ಬುಡದ ಸಣ್ಣ ದಿಬ್ಬಗಳ ಮೇಲೆ ತುಳಿದು ಗಟ್ಟಿ ಮಾಡಿದ ಹಿಮದಲ್ಲಿ ಒಂದೆರಡು ಚಳಿಗಾಲ ಬಿದ್ದು ಎದ್ದು ಸ್ಕೀ ಕಲಿತಿದ್ದೀರಿ ಎಂದೂ ಒಪ್ಪಿಕೊಳ್ಳಿ. ಕಲಿಯದವರನ್ನು ಹೊಸ ಹಿಮಕ್ಕೆ ಯಾವ ಗುರುವೂ ಬಿಡುವುದಿಲ್ಲ. ರಾತ್ರಿಯೆಲ್ಲ ಹಿಮ ಬಿದ್ದಿದೆ. ಕಿಟಕಿ ತೆರೆದರೆ ಮೊದಲು ತಟ್ಟುವುದು ಬಿಳುಪಲ್ಲ, ನಿಶ್ಶಬ್ದ. ಗಾಳಿ ತುಂಬಿದ ಹಿಮ ಸದ್ದನ್ನು ಕುಡಿದುಬಿಡುತ್ತದೆ. ಕುದುರೆಗಳ ಗಂಟೆ ಕೂಡ ಕಂಬಳಿಯೊಳಗಿಂದ ಬಂದ ಹಾಗೆ.

ಅಲ್ಲಿ ಗೊಂಡೋಲಾ ಎಂಬ ರೋಪ್‌ವೇ ಇದೆ. ದಪ್ಪ ಉಕ್ಕಿನ ಹಗ್ಗಕ್ಕೆ ಸಾಲಾಗಿ ತೂಗುಹಾಕಿದ ಆರು ಜನ ಕೂಡ್ರುವ ಡಬ್ಬಿಗಳು. ಕಟ್ಟಿದ್ದು ಫ್ರಾನ್ಸಿನ ಕಂಪನಿ. ಮೊದಲನೆಯ ಹಂತ 1998ರಲ್ಲಿ ಶುರುವಾಯಿತು, ಬಯಲಿನಿಂದ ಕೊಂಗ್‌ಡೂರಿ ಎಂಬಲ್ಲಿಗೆ. ಎರಡನೆಯದು 2005ರಲ್ಲಿ, ಅಲ್ಲಿಂದ ಅಫರವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ. ಅಂದರೆ ಅರ್ಧ ತಾಸಿನೊಳಗೆ ನೀವು 1,300 ಮೀಟರು ಮೇಲೇರುತ್ತೀರಿ. ಅಲ್ಲಿ ಗಾಳಿ ತೆಳು. ಸಮುದ್ರಮಟ್ಟದಲ್ಲಿ ಸಿಗುವ ಉಸಿರಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಹತ್ತು ಹೆಜ್ಜೆ ಗಡಬಡಿಸಿದರೆ ಎದೆ ಹಾರುತ್ತದೆ. ಬಿಸಿಲಿದ್ದರೆ ಕಣ್ಣಿಗೆ ಕಪ್ಪು ಕನ್ನಡಕ ಬೇಕೇಬೇಕು. ಹೊಸ ಹಿಮ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಕಣ್ಣು ಸುಟ್ಟ ಹಾಗೆ ಉರಿಯುತ್ತದೆ.

ಆದರೆ ಡಬ್ಬಿ ಹತ್ತಲು ಅವಸರ ಪಟ್ಟರೆ ಆಗದು. ರಾತ್ರಿ ಹಿಮ ಬಿದ್ದ ಬೆಳಗ್ಗೆ ಎರಡನೆಯ ಹಂತ ಕೂಡಲೇ ತೆರೆಯುವುದಿಲ್ಲ. ಸ್ಕೀ ಗಸ್ತಿನವರು ಮೊದಲು ಮೇಲೆ ಹೋಗುತ್ತಾರೆ. ಅಪಾಯ ಕಂಡ ಕಡೆ ಸ್ಫೋಟಕ ಸಿಡಿಸಿ, ಬೀಳಬೇಕಾದ ಹಿಮವನ್ನು ಜನ ಇಲ್ಲದಾಗಲೇ ಬೀಳಿಸುತ್ತಾರೆ. ದೂರದಲ್ಲಿ ಢಬ್ ಎಂದು ಸದ್ದು ಕೇಳುತ್ತದೆ. ಸಾಲಿನಲ್ಲಿ ನಿಂತ ಜರ್ಮನಿಯವರು, ರಷ್ಯಾದವರು, ದಿಲ್ಲಿ ಮುಂಬಯಿಯವರು ಎಲ್ಲರೂ ಕಾಲು ಬಡಿಯುತ್ತ ಕಾಯುತ್ತಾರೆ. ಹೀಗೆ ಒಂಬತ್ತು, ಹತ್ತು, ಒಮ್ಮೊಮ್ಮೆ ಹನ್ನೊಂದು ಗಂಟೆ. ಅದಕ್ಕೇ ನಾನು ಅರ್ಧ ದಿನ ಎಂದದ್ದು. ಅರ್ಧ ದಿನದಲ್ಲೂ ಅರ್ಧ ಕಾಯುವುದರಲ್ಲೇ ಹೋಗುತ್ತದೆ.

ಈಗ ತುದಿ ಮುಟ್ಟಿದಿರಿ. ಸ್ಕೀ ಕಟ್ಟಿಕೊಳ್ಳುವ ಮೊದಲು ಬರಿಗಾಲಿನ ಬೂಟಿನಲ್ಲಿ ಒಂದು ಹೆಜ್ಜೆ ಬದಿಗೆ ಇಟ್ಟು ನೋಡಿ. ತೊಡೆಯವರೆಗೆ ಇಳಿದುಬಿಡುತ್ತೀರಿ. ಅದೇ ಸ್ಕೀ ಕಟ್ಟಿದರೆ ಮೊಣಕಾಲಿಗೂ ಮುಳುಗುವುದಿಲ್ಲ. ಇದು ಮಂತ್ರವಲ್ಲ, ಲೆಕ್ಕ. ಎಪ್ಪತ್ತು ಕಿಲೋ ಮನುಷ್ಯನ ಎರಡೂ ಅಂಗಾಲು ಸೇರಿ ಸುಮಾರು ಐನೂರು ಚದರ ಸೆಂಟಿಮೀಟರು. ಒಂದು ಚದರ ಸೆಂಟಿಮೀಟರಿನ ಮೇಲೆ ನೂರಾ ನಲವತ್ತು ಗ್ರಾಂ ಭಾರ. ಹೊಸ ಹಿಮಕ್ಕೆಂದೇ ಮಾಡುವ ಅಗಲದ ಸ್ಕೀ ಆಳುದ್ದ ಇರುತ್ತದೆ, ಹತ್ತು ಹನ್ನೊಂದು ಸೆಂಟಿಮೀಟರು ಅಗಲ. ಎರಡೂ ಸೇರಿದರೆ ಸುಮಾರು ನಾಲ್ಕು ಸಾವಿರ ಚದರ ಸೆಂಟಿಮೀಟರು. ಭಾರ ಹದಿನೆಂಟು ಗ್ರಾಮಿಗೆ ಇಳಿಯಿತು. ಮುಂಗಾರಿನಲ್ಲಿ ಎರೆಹೊಲದ ಕೆಸರಿಗೆ ಹಲಗೆ ಹಾಸಿ ದಾಟುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ಸ್ಕೀ ಚಲಿಸುತ್ತಿರುತ್ತದೆ. ಚಪ್ಪಟೆ ಕಲ್ಲನ್ನು ಕೆರೆಯ ಮೇಲೆ ಬೀಸಿ ಎಸೆದರೆ ಮುಳುಗದೆ ಕುಪ್ಪಳಿಸುವಂತೆ, ಸ್ವಲ್ಪ ವೇಗ ಬಂದ ಮೇಲೆ ಹಿಮವೇ ನಿಮ್ಮನ್ನು ಮೇಲಕ್ಕೆ ಎತ್ತುತ್ತದೆ. ತೀರ ಮೆಲ್ಲಗೆ ಹೋಗುವವನೇ ಇಲ್ಲಿ ಹೂತುಕೊಳ್ಳುವುದು.

ತುಳಿದು ಗಟ್ಟಿ ಮಾಡಿದ ಇಳಿಜಾರಿನಲ್ಲಿ ತಿರುಗುವಾಗ ಒಂದು ಕಾಲಿನ ಮೇಲೆ ಭಾರ ಹಾಕಿ, ಸ್ಕೀಯ ಅಂಚನ್ನು ಕುಡುಗೋಲಿನಂತೆ ಹಿಮಕ್ಕೆ ಕೊಡುವುದನ್ನು ಕಲಿಸಿರುತ್ತಾರೆ. ಹೊಸ ಹಿಮದಲ್ಲಿ ಹಾಗೆ ಮಾಡಿದರೆ ಆ ಕಾಲು ಒಂದೇ ಆಳಕ್ಕೆ ಹೋಗಿ ನೀವು ಮುಗ್ಗರಿಸುತ್ತೀರಿ. ಇಲ್ಲಿ ಎರಡೂ ಕಾಲಿಗೆ ಸರಿಸಮ ಭಾರ, ಎರಡೂ ಸ್ಕೀ ಜೋಡಿ ಎತ್ತುಗಳಂತೆ ಒಂದೇ ಹೆಜ್ಜೆ. ತಿರುವು ದೊಡ್ಡದಿರಬೇಕು, ಗಡಿಬಿಡಿ ಇರಬಾರದು. ಹಿಂದಕ್ಕೆ ವಾಲಿದರೆ ಮೂತಿ ಮೇಲೇಳುತ್ತದೆ ಎಂದು ಹೊಸಬರು ಹಿಂದಕ್ಕೆ ವಾಲುತ್ತಾರೆ. ಎರಡು ತಿರುವಿನಲ್ಲಿ ತೊಡೆ ಬೆಂಕಿ ಹತ್ತಿದಂತೆ ಉರಿಯತೊಡಗುತ್ತದೆ. ಸರಿಯಾಗಿ ನಿಂತವನಿಗೆ ಮಾತ್ರ ಆ ಅನುಭವ ಸಿಗುವುದು. ಕಾಲಡಿ ನೆಲವೇ ಇಲ್ಲ, ಸದ್ದು ಇಲ್ಲ, ಪ್ರತಿ ತಿರುವಿನಲ್ಲಿ ಹಿಟ್ಟಿನಂಥ ಹಿಮ ಎದೆಯವರೆಗೆ ಎದ್ದು ಮುಖಕ್ಕೆ ಬೀಳುತ್ತದೆ. ಗಿರಣಿಯಲ್ಲಿ ಜೋಳದ ಹಿಟ್ಟು ಹಾರಿದ ಹಾಗೆ, ಆದರೆ ತಣ್ಣಗೆ.

ಬಿದ್ದರೆ ನೋವಿಲ್ಲ. ಏಳುವುದೇ ಕಷ್ಟ. ಕೈ ಊರಿದರೆ ಕೈ ಹೆಗಲತನಕ ಒಳಗೆ. ಎರಡು ಕೋಲುಗಳನ್ನು ಅಡ್ಡಡ್ಡ ಗುಣಾಕಾರದ ಗುರುತಿನ ಹಾಗೆ ಇಟ್ಟು ಅದರ ಮೇಲೆ ಭಾರ ಹಾಕಿ ಏಳಬೇಕು. ಬಿದ್ದಾಗ ಕಾಲು ಮುರಿಯದಿರಲಿ ಎಂದು ಸ್ಕೀ ತಾನಾಗಿ ಬೂಟಿನಿಂದ ಕಳಚಿಕೊಳ್ಳುತ್ತದೆ. ಆ ಕಳಚಿದ ಸ್ಕೀ ಹಿಮದೊಳಗೆ ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಕೆಲವರ ಬೆಳಗು ಮುಗಿದಿರುತ್ತದೆ. ದೇವದಾರು, ಫರ್ ಮರಗಳ ಬುಡಕ್ಕೆ ಮಾತ್ರ ಹೋಗಬಾರದು. ಕೆಳಗಿನ ಕೊಂಬೆಗಳು ಕೊಡೆಯಂತೆ ಹಿಮವನ್ನು ತಡೆದು ಬುಡದಲ್ಲಿ ಕಾಣದ ಗುಂಡಿ ಉಳಿಸಿರುತ್ತವೆ. ತಲೆಕೆಳಗಾಗಿ ಬಿದ್ದವನಿಗೆ ಒಬ್ಬನೇ ಮೇಲೆ ಬರಲು ಆಗುವುದಿಲ್ಲ.

ಈ ಸುಖ ಎಷ್ಟು ಹೊತ್ತು? ಮಧ್ಯಾಹ್ನದವರೆಗೆ. ಗೊಂಡೋಲಾ ಹತ್ತಿಳಿಯುವ ಇಳಿಜಾರನ್ನು ಹತ್ತು ಜನ, ಐವತ್ತು ಜನ, ನೂರು ಜನ ಗೀರಿದ ಮೇಲೆ ಅದು ಕುಂಟಿ ಹೊಡೆದ ಹೊಲದಂತಾಗುತ್ತದೆ. ಇನ್ನು ಬಿಸಿಲಿಗೆ ಮುಖ ಕೊಟ್ಟ ಇಳಿಜಾರಿನಲ್ಲಿ ಹರಳಿನ ತುದಿಗಳು ಕರಗಿ ಹಿಮ ಒದ್ದೆಯಾಗಿ, ಕಲಸಿದ ಹಿಟ್ಟಿನಂತೆ ಸ್ಕೀಗೆ ಅಂಟುತ್ತದೆ. ರಾತ್ರಿ ಅದೇ ಹೆಪ್ಪುಗಟ್ಟಿ ಮೇಲೊಂದು ಪದರು ಹಪ್ಪಳವಾಗುತ್ತದೆ. ಬಡಗಣಕ್ಕೆ ಮುಖ ಮಾಡಿದ ನೆರಳಿನ ಇಳಿಜಾರಿನಲ್ಲಿ ಹಿಟ್ಟು ಹಿಟ್ಟಾಗಿಯೇ ಕೆಲವು ದಿನ ಉಳಿಯುತ್ತದೆ. ಅದಕ್ಕೇ ಹನ್ನೆರಡು ಗಂಟೆಯ ಹೊತ್ತಿಗೆ ಜನರ ಕಣ್ಣು ಗುರುತು ಹಾಕಿದ ಎಲ್ಲೆಯ ಆಚೆ ಹೋಗುತ್ತದೆ. ಹಗ್ಗದ ಈಚೆ ಉತ್ತ ಹೊಲ, ಆಚೆ ಒಂದು ಗೆರೆಯೂ ಇಲ್ಲದ ಹೊಸ ಹಿಮ. ಮನುಷ್ಯರ ಮನಸ್ಸು, ಕೇಳಬೇಕೆ?

ನಾನು ಈ ವಿಷಯ ತೆಗೆದುಕೊಂಡದ್ದೇ ಇದನ್ನು ಹೇಳಲಿಕ್ಕೆ. ಹೊಸ ಹಿಮದ ಗುಣ ಯಾವುದೋ ಅದರ ದೋಷವೂ ಅದೇ. ಹರಳುಗಳು ಇನ್ನೂ ಒಂದಕ್ಕೊಂದು ಬೆಸೆದಿಲ್ಲ, ಅದಕ್ಕೇ ಅದು ಹಗುರ, ಅದಕ್ಕೇ ಆ ತೇಲಾಟ. ಬೆಸೆದಿಲ್ಲದ್ದರಿಂದಲೇ ಅದು ಜಾರಿ ಬೀಳುವುದೂ ಸುಲಭ. ಬೆಟ್ಟದ ಮೇಲಿನ ಹಿಮ ಒಂದೇ ರಾಶಿ ಎಂದು ನಮಗೆ ಕಾಣುತ್ತದೆ. ಅದು ರಾಶಿಯಲ್ಲ, ಲೆಡ್ಜರು. ಪ್ರತಿ ಹಿಮಪಾತ ಒಂದು ಪುಟ. ನಡುವೆ ಬಿಸಿಲು ಬಿದ್ದದ್ದು, ಗಾಳಿ ಬೀಸಿದ್ದು, ಮೂರು ವಾರ ಒಣಗಿದ್ದು ಎಲ್ಲವೂ ಅದರಲ್ಲಿ ನಮೂದಾಗಿರುತ್ತದೆ. ತಿಳಿದ ಮಾರ್ಗದರ್ಶಕ ಸಲಿಕೆಯಿಂದ ಒಂದು ಗುಂಡಿ ತೋಡಿ, ಗೋಡೆಯನ್ನು ನುಣ್ಣಗೆ ಸವರಿ, ಪದರು ಪದರಾಗಿ ಬೆರಳಿನಿಂದ ಒತ್ತಿ ಓದುತ್ತಾನೆ. ಬಹಳ ದಿನ ಹಿಮವಿಲ್ಲದೆ ಒಣ ಚಳಿ ಕಾದಾಗ ಹಳೆಯ ತೆಳು ಹಿಮ ಸಕ್ಕರೆಯಂಥ ಉದುರು ಹರಳಾಗುತ್ತದೆ. ಅದರ ಮೇಲೆ ಹೊಸ ಹಿಮ ಎರಡಡಿ ಬಿತ್ತು ಎನ್ನಿ. ರವೆ ಚೆಲ್ಲಿದ ಇಳಿಜಾರು ಕಟ್ಟೆಯ ಮೇಲೆ ಹಲಗೆ ಇಟ್ಟ ಹಾಗಾಯಿತು. ಹಲಗೆ ತಾನಾಗಿ ನಿಂತಿದೆ. ಒಬ್ಬ ಮನುಷ್ಯ ಅದರ ಮೇಲೆ ಬಂದರೆ ಸಾಕು.

ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಾದ ಇಳಿಜಾರಿನಲ್ಲೇ ಹಿಮಕುಸಿತ ಹೆಚ್ಚು. ಸ್ಕೀ ಆಡಲು ಚಂದವಾದ ಇಳಿಜಾರೂ ಅದೇ, ಏನು ಮಾಡುವುದು. ಐವತ್ತು ಮೀಟರು ಉದ್ದ, ಐವತ್ತು ಮೀಟರು ಅಗಲ, ಅರ್ಧ ಮೀಟರು ದಪ್ಪದ ಒಂದು ಪದರು ಕಿತ್ತು ಬಂತು ಎನ್ನಿ. ಹಗುರ ಹಗುರ ಎಂದ ಹಿಮವೇ ನೂರಿಪ್ಪತ್ತೈದು ಟನ್ ಆಯಿತು. ಹತ್ತು ಟನ್ ಹೇರಿದ ಹನ್ನೆರಡು ಕಬ್ಬಿನ ಲಾರಿ ಒಟ್ಟಿಗೆ ಇಳಿದಂತೆ. ನಿಂತ ಮೇಲೆ ಅದು ಹಿಟ್ಟಾಗಿ ಉಳಿಯುವುದಿಲ್ಲ, ಗಾರೆಯಂತೆ ಬಿಗಿಯುತ್ತದೆ. ಒಳಗಿದ್ದವನು ಬೆರಳನ್ನೂ ಆಡಿಸಲಾರ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದನ್ನು ಎಬ್ಬಿಸಿದವರು ತಾವೇ ಅಥವಾ ತಮ್ಮ ಗುಂಪಿನವರೇ ಎಂದು ಈ ಶಾಸ್ತ್ರ ಬಲ್ಲವರು ಹೇಳುತ್ತಾರೆ.

ಗುಲ್ಮಾರ್ಗಕ್ಕೆ ಇದು ಪುಸ್ತಕದ ಮಾತಲ್ಲ. 2010ರ ಫೆಬ್ರುವರಿ 8ರಂದು ಖಿಲನ್‌ಮಾರ್ಗದಲ್ಲಿ ಸೇನಾ ಶಾಲೆಯ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಹಿಮ ಕುಸಿದು ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡರು. ತಿಮ್ಮಯ್ಯನವರು ಬೀಜ ಹಾಕಿದ ಶಾಲೆಯ ಮಕ್ಕಳು, ಹಿಮವನ್ನೇ ಓದುತ್ತಿದ್ದವರು. 2023ರ ಫೆಬ್ರುವರಿ 1ರಂದು ಅಫರವಟ್‌ನ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸತ್ತರು, ಜೊತೆಗಿದ್ದ ಹಲವರನ್ನು ಎಳೆದು ಉಳಿಸಿದರು. ಮರುವರ್ಷ 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬ ಸತ್ತ. ಆಗ ಕೆಳಗೆ ಖೇಲೋ ಇಂಡಿಯಾ ಆಟಗಳು ನಡೆದಿದ್ದವು.

ಎಲ್ಲೆಯ ಆಚೆ ಹೋಗುವವರು ಮೂರು ಸಾಮಾನು ಇಲ್ಲದೆ ಹೋಗಕೂಡದು. ಒಂದು ಸಲಿಕೆ, ಒಂದು ಮಡಿಚುವ ಉದ್ದ ಸಲಾಕೆ, ಮೂರನೆಯದು ಎದೆಗೆ ಕಟ್ಟುವ ಅಂಗೈಯಷ್ಟು ರೇಡಿಯೋ. ನಮ್ಮ ಮೀಡಿಯಂ ವೇವ್ ಪೆಟ್ಟಿಗೆಯ ಮುಳ್ಳು 531 ಕಿಲೋಹರ್ಟ್ಸಿನಿಂದ ಮೇಲೆ ಓಡಾಡುತ್ತದೆಯಲ್ಲ, ಈ ಯಂತ್ರ ಅದಕ್ಕಿಂತ ತುಸು ಕೆಳಗೆ, 457ರಲ್ಲಿ ಮಿಡಿಯುತ್ತಿರುತ್ತದೆ. ಲೋಕದ ಯಾವ ಬೆಟ್ಟಕ್ಕೆ ಹೋದರೂ ಅದೇ 457. ಹೂತುಹೋದವನ ಯಂತ್ರ ಕೂಗುತ್ತದೆ, ಉಳಿದವರು ತಮ್ಮ ಯಂತ್ರವನ್ನು ಕೇಳುವ ಕಡೆಗೆ ತಿರುಗಿಸಿ ಹುಡುಕುತ್ತಾರೆ. ಸಲಾಕೆ ಚುಚ್ಚಿ ಆಳ ನೋಡುತ್ತಾರೆ, ಸಲಿಕೆಯಿಂದ ತೋಡುತ್ತಾರೆ. ಹತ್ತು ಹದಿನೈದು ನಿಮಿಷದೊಳಗೆ ಹೊರತೆಗೆದರೆ ಬಹುತೇಕರು ಬದುಕುತ್ತಾರೆ. ಅರ್ಧ ತಾಸು ದಾಟಿದರೆ ಮೂವರಲ್ಲಿ ಒಬ್ಬ ಉಳಿದರೆ ಪುಣ್ಯ. ಪೊಲೀಸರು, ಸೈನ್ಯ ಬರುವಷ್ಟು ಪುರುಸೊತ್ತು ಅಲ್ಲಿಲ್ಲ. ತೆಗೆಯಬೇಕಾದವನು ಪಕ್ಕದಲ್ಲಿದ್ದ ಗೆಳೆಯನೇ. ಆದ್ದರಿಂದ ಓರೆಯಾದ ಕಡೆ ಎಲ್ಲರೂ ಒಟ್ಟಿಗೆ ಇಳಿಯುವುದಿಲ್ಲ. ಒಬ್ಬೊಬ್ಬರೇ ಇಳಿದು, ಭದ್ರವಾದ ಜಾಗದಲ್ಲಿ ನಿಂತು, ಮುಂದಿನವನ ಮೇಲೆ ಕಣ್ಣಿಟ್ಟಿರುತ್ತಾರೆ. ಮಾರ್ಗದರ್ಶಕ ಇವತ್ತು ಆಚೆ ಬೇಡ ಎಂದರೆ, ದುಡ್ಡು ಕೊಟ್ಟಿದ್ದೇವೆ ಎಂದು ಅವನ ಸಂಗಡ ವಾದಕ್ಕೆ ನಿಲ್ಲುವ ಗಿರಾಕಿಗಳೂ ಇದ್ದಾರಂತೆ. ಕೌಂಟರಿನ ಈಚೆ ಮೂವತ್ತು ವರ್ಷ ಕೂತವನಿಗೆ ಅಂಥ ಗಿರಾಕಿಯ ಪರಿಚಯ ಚೆನ್ನಾಗಿಯೇ ಇದೆ.

ಸ್ಕೀ ಗೊತ್ತಿಲ್ಲದೆ ಯಾತ್ರೆಯ ಬಸ್ಸಿನಲ್ಲಿ ಹೋದವರಿಗೂ ಇದರಲ್ಲಿ ಪಾಲಿದೆ. ಡಬ್ಬಿ ಇಳಿದ ಕೂಡಲೇ ಫೋಟೋಕ್ಕೆಂದು ಗುರುತಿನ ಹಗ್ಗ ದಾಟುವ ನಮ್ಮವರಿಗೆ, ತಮ್ಮ ತಲೆಯ ಮೇಲಿನ ಇಳಿಜಾರು ಕಾಣುವುದೇ ಇಲ್ಲ. ಕುಸಿತ ಶುರುವಾಗುವುದು ನಿಂತ ಜಾಗದಲ್ಲೇ ಆಗಬೇಕೆಂದಿಲ್ಲ. ಮೇಲೆ ಕಿತ್ತು ಕೆಳಗೆ ಬರುತ್ತದೆ.

ಇನ್ನು ಹಿಮ ಬಾರದಿದ್ದರೆ? ಆ ಸಂಕಟ ನಮ್ಮ ಹಿಂಗಾರಿ ಜೋಳದವರಿಗೆ ಬೇಗ ತಿಳಿಯುತ್ತದೆ. ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದವರು ಚಿಲ್ಲೈ ಕಲಾನ್ ಎನ್ನುತ್ತಾರೆ, ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನದ ಸಣ್ಣ ಚಳಿ, ಕೊನೆಗೆ ಹತ್ತು ದಿನದ ಮರಿ ಚಳಿ. ನಮ್ಮ ಮಳೆ ನಕ್ಷತ್ರಗಳಂತೆ ಅವರ ಲೆಕ್ಕ. ಹಿಮ ತರುವ ಮೋಡ ನಮ್ಮ ಮಳೆಗಾಲದ್ದಲ್ಲ, ಭೂಮಧ್ಯ ಸಮುದ್ರದ ಕಡೆಯಿಂದ ಇರಾನು, ಅಫಘಾನಿಸ್ತಾನ ದಾಟಿ ಬರುತ್ತದೆ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಬೇಸಿಗೆಯತನಕ ನಿಂತು ಝೇಲಂ ನದಿಗೆ, ಭತ್ತದ ಗದ್ದೆಗೆ, ಸೇಬಿನ ತೋಟಕ್ಕೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬೇಗ ಕರಗಿ ಹೋಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಒಣ ಹುಲ್ಲಿನ ಬಣ್ಣದಲ್ಲೇ ಉಳಿಯಿತು. ಫೆಬ್ರುವರಿ ಮೊದಲ ವಾರಕ್ಕಿದ್ದ ಆಟಗಳನ್ನು ಮೂರನೆಯ ವಾರಕ್ಕೆ ತಳ್ಳಿದರು. 2025ರಲ್ಲೂ ಹಿಮ ಸಾಲದೆ ಮಾರ್ಚಿಗೆ ಹೋಯಿತು. ಸ್ಕೀ ಬಾಡಿಗೆ ಕೊಡುವವನು, ಮರದ ಜಾರುಬಂಡಿ ಎಳೆಯುವವನು, ಕುದುರೆಯವನು, ಚಹಾದ ಅಂಗಡಿಯವನು, ಇವರೆಲ್ಲರ ವರ್ಷದ ದುಡಿಮೆ ಆ ಎರಡು ಮೂರು ತಿಂಗಳಲ್ಲಿದೆ. ಅಪಾಯದ್ದು ಎಂದು ಹಿಮವನ್ನು ಅಲ್ಲಿ ಯಾರೂ ಬೈಯುವುದಿಲ್ಲ.

ಒಂದು ಗಂಟೆಯ ಹೊತ್ತಿಗೆ ನಿಮ್ಮ ತೊಡೆಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಹೊತ್ತು ಇಳಿದಂತೆ, ದಣಿದ ಕಾಲಿನವರೇ ಬಿದ್ದು ಮೊಣಕಾಲು ತಿರುಚಿಕೊಳ್ಳುವುದು ಹೆಚ್ಚು, ಆದ್ದರಿಂದ ಬಲ್ಲವರು ಕೊನೆಯ ಒಂದು ಸುತ್ತು ಎಂಬ ಮಾತನ್ನೇ ಆಡುವುದಿಲ್ಲ. ಕೆಳಗೆ ಬಂದು, ಸ್ಕೀ ಒರೆಸಿ ಗೋಡೆಗೆ ಆನಿಸಿ, ಬೂಟಿನ ಕೊಂಡಿ ಸಡಿಲಿಸುತ್ತಾರೆ. ಪಾದಕ್ಕೆ ರಕ್ತ ಇಳಿದು ಜುಂಜುಂ ಎನ್ನುತ್ತದೆ. ಗುಲಾಬಿ ಬಣ್ಣದ ಉಪ್ಪಿನ ಚಹಾ ಕೈಗೆ ಬರುತ್ತದೆ. ನಮ್ಮ ನಾಲಿಗೆಗೆ ಮೊದಲ ಗುಟುಕು ಹಿಡಿಸಲಿಕ್ಕಿಲ್ಲ, ಎರಡನೆಯದಕ್ಕೆ ಒಗ್ಗುತ್ತದೆ. ಫೆರನ್ ಎಂಬ ದೊಗಳೆ ಅಂಗಿಯೊಳಗೆ ಕೆಂಡದ ಕಾಂಗಡಿ ಇಟ್ಟುಕೊಂಡ ಅಂಗಡಿಯವ ಪಡುವಣ ಮೋಡದ ಕಡೆ ನೋಡುತ್ತಿರುತ್ತಾನೆ. ರಾತ್ರಿ ಮತ್ತೆ ಬಿದ್ದರೆ ಉತ್ತ ಗೆರೆಗಳೆಲ್ಲ ಅಳಿದು, ಬೆಳಗ್ಗೆ ಮೇಲಿನಿಂದ ಮತ್ತೆ ಆ ಢಬ್ ಎಂಬ ಸದ್ದು ಕೇಳುತ್ತದೆ.